ಎಂಪಿಯ ರಿಪೋರ್ಟ್ ಕಾರ್ಡ್‌ನಲ್ಲಿ ದುಡ್ಡಿನ ಕಾಲಂ ಯಾಕಿಲ್ಲ?

[ದೃಶ್ಯ: ಬೆಳಗಿನ ಹೊತ್ತು, ಡೊಂಬಿವಲಿ ಸ್ಟೇಷನ್. ನಂತರ ನಿರೂಪಕ ಕ್ಯಾಮೆರಾ ಎದುರು.]

ನಮಸ್ಕಾರ. ಮುಂಬೈ ಹತ್ತಿರದ ಡೊಂಬಿವಲಿಯ ವೀಕ್ಷಕಿಯೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಅವರ ಎಂಪಿಯ ರಿಪೋರ್ಟ್ ಕಾರ್ಡ್ ಬಂದಿದೆ. ಹಾಜರಿ ಇಷ್ಟು ಪರ್ಸೆಂಟ್, ಕೇಳಿದ ಪ್ರಶ್ನೆ ಇಷ್ಟು, ಮಾತಾಡಿದ ಚರ್ಚೆ ಇಷ್ಟು. "ಎಲ್ಲಾ ಸರಿ ಸರ್, ಇವರ ಪ್ರಚಾರಕ್ಕೆ ದುಡ್ಡು ಕೊಟ್ಟವರು ಯಾರು ಅಂತ ಈ ಕಾರ್ಡಿನಲ್ಲಿ ಯಾಕಿಲ್ಲ?" ಅಂತ ಕೇಳಿದ್ದಾರೆ.

ಈ ಪ್ರಶ್ನೆ ಹಿಡಿದುಕೊಂಡು ಹೊರಟವನು ಕೊನೆಗೆ ಬಂದು ನಿಂತದ್ದು 1951ರ ಮುಂಬೈನ ಚಿನ್ನದ ಪೇಟೆ, ಝವೇರಿ ಬಜಾರಿನಲ್ಲಿ. ಅಲ್ಲಿಗೆ ಹೋಗೋಣ. ಮೊದಲು ಕಾರ್ಡನ್ನು ಬೇಗ ಬೇಗ ಓದಿಬಿಡೋಣ.

ಹಾಜರಿ ಅಂದರೆ ಸದನಕ್ಕೆ ಬಂದಿದ್ದೇನೆ ಎಂಬ ದಾಖಲೆ, ಅಷ್ಟೇ. ಹಾಜರಿ ಹಾಕಿ ಐದು ನಿಮಿಷ ಕೂತವರಿಗೂ, ಸದನ ಮುಗಿಯುವ ತನಕ ಕೂತವರಿಗೂ ಅದೇ ಅಂಕ. ಮಂತ್ರಿಗಳು ಹಾಜರಿ ಹಾಕುವುದಿಲ್ಲ, ಪ್ರಶ್ನೆಯನ್ನೂ ಕೇಳುವುದಿಲ್ಲ. ಹಾಗಾಗಿ ಮಂತ್ರಿಯ ಕಾರ್ಡ್ ಖಾಲಿ ಕಂಡರೆ ಅದು ಅವರ ಸೋಮಾರಿತನ ಅಲ್ಲ.

ಇನ್ನು ಮತ. ಮಸೂದೆಗೆ ನಿಮ್ಮ ಎಂಪಿ ಹೌದು ಅಂದರೋ ಇಲ್ಲ ಅಂದರೋ? ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲೇ ಪಾಸಾಗುತ್ತವೆ, ಯಾರ ಹೆಸರೂ ದಾಖಲಾಗುವುದಿಲ್ಲ. ಯಾರಾದರೂ ಪಟ್ಟು ಹಿಡಿದು ಮತ ವಿಭಜನೆ, ಅಂದರೆ ಒಬ್ಬೊಬ್ಬರ ಮತ ಎಣಿಸುವುದನ್ನು, ಕೇಳಿದರೆ ಮಾತ್ರ ಹೆಸರು ಸಿಗುತ್ತದೆ. ಸಿಕ್ಕರೂ ಅದು ಪಕ್ಷದ ಮತ. 1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿ ಬಂದ ಮೇಲೆ, ವಿಪ್, ಅಂದರೆ ಪಕ್ಷದ ಆದೇಶ, ಮೀರಿ ಮತ ಹಾಕಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಪಕ್ಷಾಂತರದ ಹಾವಳಿ ತಡೆಯಲು ತಂದ ಕಾನೂನು ಅದು, ಉದ್ದೇಶ ನನಗೂ ಒಪ್ಪಿಗೆ. ಆದರೆ ಅದರಿಂದ ನಮ್ಮ ಪ್ರತಿನಿಧಿಯ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವ ದಾರಿಯೂ ಮುಚ್ಚಿತು. ಇದು ಸಣ್ಣ ನಷ್ಟವಲ್ಲ.

ದುಡ್ಡಿನ ವಿಷಯದಲ್ಲೂ ಹೀಗೇ, ಪಕ್ಷ ಮುಂದೆ, ಎಂಪಿ ಅದರ ಹಿಂದೆ. ಮಹಾರಾಷ್ಟ್ರದಲ್ಲಿ ಲೋಕಸಭಾ ಅಭ್ಯರ್ಥಿಯ ವೆಚ್ಚದ ಮಿತಿ 95 ಲಕ್ಷ, ಪಕ್ಕದ ಗೋವಾದಲ್ಲಿ 75 ಲಕ್ಷ. ಈ ಮಿತಿ ಇರುವುದು ಅಭ್ಯರ್ಥಿಗೆ. ಪಕ್ಷಕ್ಕೆ ಮಿತಿಯೇ ಇಲ್ಲ. 1974ರಲ್ಲಿ ಸುಪ್ರೀಂ ಕೋರ್ಟ್, ಪಕ್ಷ ಒಬ್ಬ ಅಭ್ಯರ್ಥಿಗಾಗಿ ಮಾಡಿದ ಖರ್ಚನ್ನೂ ಅವನ ಲೆಕ್ಕಕ್ಕೇ ಸೇರಿಸಬೇಕು ಎಂದು ಹೇಳಿತ್ತು, ಕನ್ವರ್ ಲಾಲ್ ಗುಪ್ತಾ ಪ್ರಕರಣದಲ್ಲಿ. ಅದೇ ವರ್ಷ ಸಂಸತ್ತು ಕಾನೂನನ್ನೇ ತಿದ್ದಿ ಆ ತೀರ್ಪಿನ ಹಲ್ಲು ಕಿತ್ತಿತು. ಆಮೇಲೆ 2003ರಲ್ಲಿ ನಿಯಮ ಸ್ವಲ್ಪ ಬಿಗಿಯಾಯಿತು. ಈಗ ತಾರಾ ಪ್ರಚಾರಕರು ಬಂದ ಸಭೆಯ ವೇದಿಕೆಯಲ್ಲಿ ಅಭ್ಯರ್ಥಿ ಇದ್ದರೆ ಆ ಸಭೆಯ ಖರ್ಚು ಅವನ ತಲೆಗೆ ಬರುತ್ತದೆ. ತಾರಾ ಪ್ರಚಾರಕರ ಹೆಲಿಕಾಪ್ಟರ್ ಮಾತ್ರ ಬರುವುದಿಲ್ಲ.

ಹಾಗಾದರೆ ವಿಪ್ ಕೈ ಹಾಕದ, ಎಂಪಿ ತಾನೇ ಆಯ್ದುಕೊಂಡು ಮಾಡುವ ಕೆಲಸ ಯಾವುದು? ಪ್ರಶ್ನೆ. ಲೋಕಸಭೆಯಲ್ಲಿ ದಿನಕ್ಕೆ ಮಂತ್ರಿ ಬಾಯಿಮಾತಿನಲ್ಲಿ ಉತ್ತರಿಸುವ 20 ಚುಕ್ಕೆ ಗುರುತಿನ ಪ್ರಶ್ನೆ, ಬರಹದಲ್ಲಿ ಉತ್ತರಿಸುವ 230 ಚುಕ್ಕೆ ಗುರುತಿಲ್ಲದ ಪ್ರಶ್ನೆ. ಯಾವ ಇಲಾಖೆಗೆ ಕೇಳಬೇಕು, ಏನು ಕೇಳಬೇಕು ಎಂಬುದು ಅವರಿಗೇ ಬಿಟ್ಟದ್ದು. ದುಡ್ಡಿರುವವರಿಗೆ ಈ ಸಂಗತಿ ಬಹಳ ಹಿಂದೆಯೇ ಗೊತ್ತಾಗಿತ್ತು.

[ದೃಶ್ಯ: ಝವೇರಿ ಬಜಾರ್, ಶೇಖ್ ಮೆಮನ್ ಸ್ಟ್ರೀಟ್.]

1951. ಗಣರಾಜ್ಯಕ್ಕೆ ಒಂದು ವರ್ಷ, ಮೊದಲ ಮಹಾಚುನಾವಣೆ ಇನ್ನೂ ಆಗಿಲ್ಲ, ದೆಹಲಿಯಲ್ಲಿ ಇರುವುದು ತಾತ್ಕಾಲಿಕ ಸಂಸತ್ತು. ಅದರಲ್ಲಿ ಬಾಂಬೆಯಿಂದ ಹೋದ ಒಬ್ಬ ಸದಸ್ಯ ಎಚ್. ಜಿ. ಮುದ್ಗಲ್. ಪೂರ್ತಿ ಹೆಸರು ಹುಚ್ಚೇಶ್ವರ ಗುರುಸಿದ್ಧ ಮುದ್ಗಲ್. ಹೆಸರು ಕೇಳಿದ ಕೂಡಲೇ ನಿಮಗೆ ಗೊತ್ತಾಗಿರುತ್ತದೆ, ನಮ್ಮ ಕಡೆಯವರು. ಈ ಮನುಷ್ಯ ಯೌವನದಲ್ಲಿ ನ್ಯೂಯಾರ್ಕಿನಲ್ಲಿದ್ದವರು. ಕರಿಯರ ಹಕ್ಕಿಗಾಗಿ ದೊಡ್ಡ ಚಳವಳಿ ಕಟ್ಟಿದ ಮಾರ್ಕಸ್ ಗಾರ್ವಿಯವರ 'ನೀಗ್ರೋ ವರ್ಲ್ಡ್' ಪತ್ರಿಕೆಯ ಸಂಪಾದಕರಾಗಿದ್ದವರು. ಅಂಥ ಕಡೆಯಿಂದ ಬಂದು ಸಂಸತ್ತಿನಲ್ಲಿ ಕೂತವರ ಮೇಲೆ ಬಂದ ಆರೋಪ ಏನು ಗೊತ್ತೇ?

ಬಾಂಬೆ ಬುಲಿಯನ್ ಅಸೋಸಿಯೇಷನ್, ಅಂದರೆ ಚಿನ್ನ ಬೆಳ್ಳಿ ಸಗಟು ವ್ಯಾಪಾರಿಗಳ ಸಂಘ. ಅವರಿಗೆ ಆಗ ಎರಡು ಚಿಂತೆ, ಆಪ್ಷನ್ ವ್ಯವಹಾರ (ಮುಂದೆ ಗೊತ್ತಾದ ಬೆಲೆಗೆ ಕೊಳ್ಳುವ, ಮಾರುವ ಹಕ್ಕಿನ ವ್ಯಾಪಾರ) ಮತ್ತು ಸ್ಟಾಂಪ್ ಡ್ಯೂಟಿ. ಮುಂದಿನ ತಾರೀಖಿಗೆ ಈಗಲೇ ಬೆಲೆ ಕಟ್ಟುವ ವಾಯಿದೆ ವ್ಯಾಪಾರಕ್ಕೆ ಕಡಿವಾಣ ಹಾಕುವ ಮಸೂದೆ ಬೇರೆ ಬರುತ್ತಿತ್ತು. ಮುದ್ಗಲ್ ಅವರು ಈ ಸಂಘದಿಂದ ಹಣ ಮತ್ತು ವ್ಯವಹಾರದ ಲಾಭ ಪಡೆದು ಸಂಸತ್ತಿನಲ್ಲಿ ಪ್ರಶ್ನೆ ಕೇಳುವುದು, ಆ ಮಸೂದೆಗೆ ತಿದ್ದುಪಡಿ ತರುವುದು, ಮಂತ್ರಿಗಳ ಭೇಟಿ ಮಾಡಿಸುವುದು, ಇಷ್ಟನ್ನು ಮಾಡುತ್ತಿದ್ದರು ಎಂಬುದು ಆರೋಪ.

ತನಿಖೆಗೆ ಸಮಿತಿ ಬೇಕು ಎಂದು 1951ರ ಜೂನ್ 8ರಂದು ನಿರ್ಣಯ ಮಂಡಿಸಿದವರು ಪ್ರಧಾನಿ ನೆಹರೂ. ಟಿ. ಟಿ. ಕೃಷ್ಣಮಾಚಾರಿ ಅಧ್ಯಕ್ಷತೆಯ ಸಮಿತಿ ಕೂತಿತು. ಇದು ಸದನದ ಘನತೆಗೆ ಕುಂದು ತರುವ ನಡತೆ ಎಂದು ವರದಿ ಕೊಟ್ಟಿತು. ಸೆಪ್ಟೆಂಬರ್ 24ಕ್ಕೆ ಉಚ್ಚಾಟನೆಯ ನಿರ್ಣಯ ಸದನದ ಮುಂದೆ ಬಂತು. ಮುದ್ಗಲ್ ತಮ್ಮ ಮಾತು ಹೇಳಿ, ಮತಕ್ಕೆ ಹಾಕುವ ಮೊದಲೇ ರಾಜೀನಾಮೆ ಕೊಟ್ಟರು. ಹೋಗಲಿ ಬಿಡಿ, ಹೇಗೂ ರಾಜೀನಾಮೆ ಬಂತಲ್ಲ ಅಂತ ಸದನ ಸುಮ್ಮನಾಗಲಿಲ್ಲ. ಇವರು ಉಚ್ಚಾಟನೆಗೇ ಅರ್ಹರಾಗಿದ್ದರು, ರಾಜೀನಾಮೆ ಪತ್ರದ ಧಾಟಿ ಆ ತಪ್ಪನ್ನು ಇನ್ನೂ ದೊಡ್ಡದು ಮಾಡಿದೆ ಎಂದು ದಾಖಲಿಸಿತು. ಮಹಾಚುನಾವಣೆಯ ಮೊದಲ ಮತ ಬೀಳಲು ಆಗ ಒಂದು ತಿಂಗಳು ಬಾಕಿ.

ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಒಂದು. ಮುದ್ಗಲ್ ಅವರ ರಿಪೋರ್ಟ್ ಕಾರ್ಡ್ ಮಾಡಿದ್ದರೆ ಅದು ಚೆನ್ನಾಗಿಯೇ ಇರುತ್ತಿತ್ತು! ಪ್ರಶ್ನೆ ಕೇಳಿದ್ದಾರೆ, ತಿದ್ದುಪಡಿ ತಂದಿದ್ದಾರೆ, ಚುರುಕಾಗಿದ್ದಾರೆ. ಎಷ್ಟು ಪ್ರಶ್ನೆ ಎಂದು ಎಣಿಸಿದರೆ ಏನೂ ತಿಳಿಯುವುದಿಲ್ಲ. ಯಾರಿಗಾಗಿ ಕೇಳಿದ್ದು ಎಂದು ನೋಡಬೇಕು.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ, ಸಮಯ ಆಗುತ್ತಾ ಬಂತು. 2005ರ ಡಿಸೆಂಬರಿನಲ್ಲಿ, ಪ್ರಶ್ನೆ ಕೇಳಲು ಹಣ ಪಡೆಯುತ್ತಿದ್ದುದು ರಹಸ್ಯ ಕ್ಯಾಮೆರಾದಲ್ಲಿ ಸಿಕ್ಕಿ 11 ಸದಸ್ಯರು ಉಚ್ಚಾಟಿತರಾದರು, ಲೋಕಸಭೆಯ 10 ಮಂದಿ, ರಾಜ್ಯಸಭೆಯ ಒಬ್ಬರು. 2024ರ ಮಾರ್ಚ್ 4ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಲಂಚ ಪಡೆದು ಸದನದಲ್ಲಿ ಮತ ಹಾಕಿದರೆ ಅಥವಾ ಮಾತಾಡಿದರೆ ಸದಸ್ಯರಿಗಿರುವ ವಿಶೇಷಾಧಿಕಾರದ ರಕ್ಷಣೆ ಇಲ್ಲ ಎಂದು ತೀರ್ಪು ಕೊಟ್ಟು, 1998ರ ತನ್ನದೇ ಹಳೆಯ ತೀರ್ಪನ್ನು ತಳ್ಳಿಹಾಕಿತು. ಅದಕ್ಕೂ ಹದಿನೆಂಟು ದಿನ ಮೊದಲು, ಫೆಬ್ರವರಿ 15ಕ್ಕೆ, ಹೆಸರು ಹೇಳದೆ ದೇಣಿಗೆ ಕೊಡುವ ಚುನಾವಣಾ ಬಾಂಡ್ ರದ್ದಾಗಿತ್ತು. ಬಾಂಡಿನ ಹಣ ಹೋಗುತ್ತಿದ್ದುದು ಪಕ್ಷದ ಖಾತೆಗೆ. ಹಾಗಾಗಿ ಬಾಂಡ್ ದೇಣಿಗೆಯ ಪಟ್ಟಿಯಲ್ಲಿ ನಿಮ್ಮ ಎಂಪಿಯ ಹೆಸರು ಹುಡುಕಿದರೆ ಸಿಗುವುದಿಲ್ಲ, ಪಕ್ಷದ ಹೆಸರು ನೋಡಿ.

ಈಗ ಡೊಂಬಿವಲಿಯ ಅಕ್ಕನ ಪ್ರಶ್ನೆಗೆ ನೇರ ಉತ್ತರ. ಆ ಕಾಲಂ ಕಾರ್ಡಿನಲ್ಲಿ ಇಲ್ಲದಿರುವುದಕ್ಕೆ ಕಾರಣ, ದುಡ್ಡಿನ ಕಾಗದ ಒಂದು ಕಚೇರಿಯಲ್ಲಿ, ಸದನದ ಕಾಗದ ಇನ್ನೊಂದರಲ್ಲಿ ಇದೆ. ಎರಡನ್ನೂ ಪಕ್ಕಪಕ್ಕ ಇಡುವ ಕೆಲಸ ಯಾರ ಹೊಣೆಯೂ ಅಲ್ಲ. ಅದನ್ನು ನಾವೇ ಮಾಡಬೇಕು, ಮಾಡಲು ಬರುತ್ತದೆ ಕೂಡ.

ಒಂದು ಕೈಯಲ್ಲಿ ಪ್ರಶ್ನೆಗಳು. ಲೋಕಸಭೆಯ ವೆಬ್‌ಸೈಟಿನಲ್ಲಿ ಸದಸ್ಯರ ಹೆಸರು ಹಾಕಿದರೆ ಕೇಳಿದ ಪ್ರಶ್ನೆ, ಮಂತ್ರಿಯ ಉತ್ತರ ಎರಡೂ ಬಿಟ್ಟಿಯಾಗಿ ಸಿಗುತ್ತವೆ. ಇಲಾಖೆವಾರು ವಿಂಗಡಿಸಿ. ರೈಲಿನ ಬಗ್ಗೆ ಎಷ್ಟು, ಬಂದರಿನ ಬಗ್ಗೆ ಎಷ್ಟು, ಒಂದೇ ಉದ್ಯಮದ ತೆರಿಗೆ ಬಗ್ಗೆ ಎಷ್ಟು. ಇನ್ನೊಂದು ಕೈಯಲ್ಲಿ ಚುನಾವಣಾ ವೆಚ್ಚದ ಲೆಕ್ಕ. ಫಲಿತಾಂಶ ಬಂದ 30 ದಿನದೊಳಗೆ ಪ್ರತಿ ಅಭ್ಯರ್ಥಿ ಇದನ್ನು ಕೊಡಲೇಬೇಕು. ಸ್ವಂತ ಹಣ ಎಷ್ಟು, ಪಕ್ಷ ಕೊಟ್ಟದ್ದು ಎಷ್ಟು, ಬೇರೆ ವ್ಯಕ್ತಿ, ಕಂಪನಿಗಳಿಂದ ಬಂದದ್ದು ಎಷ್ಟು ಎಂಬುದಕ್ಕೆ ಅದರಲ್ಲಿ ಬೇರೆ ಬೇರೆ ಪಟ್ಟಿ ಇದೆ. ಪಕ್ಷ ಕೊಟ್ಟದ್ದೇ ಹೆಚ್ಚಿದ್ದರೆ, ಪಕ್ಷಕ್ಕೆ ವರ್ಷಕ್ಕೆ 20,000 ರೂಪಾಯಿಗಿಂತ ಹೆಚ್ಚು ಕೊಟ್ಟವರ ಪಟ್ಟಿ ಚುನಾವಣಾ ಆಯೋಗದಲ್ಲಿದೆ, ಅದನ್ನೂ ತೆಗೆಯಿರಿ.

ಎರಡರಲ್ಲೂ ಒಂದೇ ಉದ್ಯಮ ಕಂಡಿತು ಅಂತ ತಕ್ಷಣ ಯಾರನ್ನೂ ಕಳ್ಳ ಅನ್ನಬೇಡಿ. ಬಂದರು ಇರುವ ಕ್ಷೇತ್ರದ ಎಂಪಿ ಬಂದರಿನ ಬಗ್ಗೆ ಕೇಳಲೇಬೇಕು. ಆದರೆ ಕ್ಷೇತ್ರಕ್ಕೆ ಸಂಬಂಧವೇ ಇಲ್ಲದ ಉದ್ಯಮದ ಮೇಲೆ ಪ್ರಶ್ನೆಗಳ ಸಾಲು ಕಂಡರೆ, ಅವರು ಮುಂದಿನ ಸಲ ನಮ್ಮ ಸಂಘದ ಕಾರ್ಯಕ್ರಮಕ್ಕೆ ಬಂದು ಶಾಲು ಹೊದಿಸಿಕೊಂಡು ಕೂತಾಗ, ಇದು ಯಾಕೆ ಅಂತ ಮರ್ಯಾದೆಯಿಂದ ಕೇಳಿ. ಕೇಳುವ ಹಕ್ಕು ನಮಗಿದೆ.

ಆ ವೆಚ್ಚದ ಲೆಕ್ಕ ನೋಡುವುದು ಎಲ್ಲಿ? ಜಿಲ್ಲಾ ಚುನಾವಣಾಧಿಕಾರಿಯ ಕಚೇರಿ, ಅಂದರೆ ಕಲೆಕ್ಟರ್ ಆಫೀಸು. ಮುಂಬೈ ಶಹರದವರಿಗೆ ಫೋರ್ಟಿನ ಓಲ್ಡ್ ಕಸ್ಟಮ್ ಹೌಸ್, ಉಪನಗರದವರಿಗೆ ಬಾಂದ್ರಾ ಪೂರ್ವ, ಡೊಂಬಿವಲಿಯವರಿಗೆ ಠಾಣೆ. ಕಾರಣ ಹೇಳಬೇಕಾಗಿಲ್ಲ, ಆ ಕ್ಷೇತ್ರದ ಮತದಾರರೇ ಆಗಿರಬೇಕು ಅಂತಲೂ ಇಲ್ಲ. ಚುನಾವಣಾ ನಿರ್ವಹಣಾ ನಿಯಮ 88ರ ಪ್ರಕಾರ ಯಾರು ಬೇಕಾದರೂ ನೋಡಬಹುದು. ಶುಲ್ಕ 1 ರೂಪಾಯಿ. ಪ್ರತಿ ಬೇಕಿದ್ದರೆ ಅದಕ್ಕೆ ಬೇರೆ ದರ.