ಮೊದಲ ಮಾಂಗಾ ಯಾವುದು ಕೊಡಬೇಕು?

ಮುಂದಿನ ಸಾಲಲ್ಲಿ ಕೂತ ಹಿರಿಯರಿಗೂ ಹಿಂದೆ ಗೋಡೆಗೊರಗಿ ನಿಂತಿರೋ ಅವರ ಮಕ್ಕಳಿಗೂ ನಮಸ್ಕಾರ.

ಮಾಂಗಾ ಅಂದರೆ ಜಪಾನಿನ ಚಿತ್ರಕಥೆ. ಅದರ ಬಗ್ಗೆ ಹಿಂದೆ ನಿಂತವರಿಗೆ ನಾನು ಹೊಸದಾಗಿ ಹೇಳೋದೇನಿಲ್ಲ. ಒಂದು ತಕರಾರು ಮಾತ್ರ ಇದೆ. ಅಪ್ಪ-ಅಮ್ಮ ಕುತೂಹಲದಿಂದ ಕೇಳಿದರೆ, ನೂರು ಸಂಪುಟ ದಾಟಿದ ಹೊಡೆದಾಟದ ಕಥೆಯ ಮೊದಲ ಸಂಪುಟ ಕೈಗಿಡ್ತೀರಿ. ಅವರು ಹತ್ತು ಪುಟ ತಿರುವಿ, "ಚೆನ್ನಾಗಿದೆ ಮಗಾ" ಅಂತ ಟಿವಿ ಮೇಲಿಟ್ಟು ಮರೀತಾರೆ. ಪುಸ್ತಕ ಆರಿಸೋ ಮೊದಲು ಓದೋರು ಯಾರು ಅಂತ ನೋಡಿ. ಇವತ್ತು ನನ್ನ ಮಾತೆಲ್ಲ ಇದೇ.

ಜಪಾನಿನವರು ಮಾಡೋದೂ ಇದನ್ನೇ. ಹುಡುಗರಿಗೆ ಶೋನೆನ್, ಹುಡುಗಿಯರಿಗೆ ಶೋಜೋ, ವಯಸ್ಕ ಗಂಡಸರಿಗೆ ಸೈನೆನ್, ಹೆಂಗಸರಿಗೆ ಜೋಸೆ. ಇವು ಓದುಗರ ಲೆಕ್ಕದ ಪತ್ರಿಕೆಗಳು, ಒಳಗಿನ ಕಥೆ ಏನಾದರೂ ಆಗಿರಬಹುದು. 1968ರಲ್ಲಿ ಶುರುವಾದ ಹುಡುಗರ ಪತ್ರಿಕೆ 'ಶೋನೆನ್ ಜಂಪ್' ತೊಂಬತ್ತರ ದಶಕದ ಮಧ್ಯದಲ್ಲಿ ವಾರಕ್ಕೆ 65 ಲಕ್ಷ ಪ್ರತಿ ಮುಟ್ಟಿತ್ತು. ಹೊಡೆದಾಟದ ತವರುಮನೆ ಅದು. ಆದರೆ ಕೈಜಿ ನಕಾಜಾವಾ 1973ರಲ್ಲಿ ಹಿರೋಶಿಮಾದ ಕಥೆ 'ಹದಾಶಿ ನೋ ಗೆನ್' ಶುರು ಮಾಡಿದ್ದೂ ಅಲ್ಲೇ. ಬಾಂಬ್ ಬಿದ್ದಾಗ ಅವರಿಗೆ ಆರು ವರ್ಷ. ಶಾಲೆಯ ಗೋಡೆ ಮರೆಯಾಗಿ ಬದುಕಿದರು. ಅಪ್ಪ, ಅಕ್ಕ, ತಮ್ಮ ಉಳಿಯಲಿಲ್ಲ.

ಯುದ್ಧ ಅಂದಾಗ ಮಾಂಗಾ ಕಲಾವಿದ ಶಿಗೆರು ಮಿಜುಕಿಯನ್ನು ಬಿಟ್ಟು ಮುಂದೆ ಹೋಗೋಕಾಗಲ್ಲ. ಗಡಿಯಾರ ತೋರಿಸಬೇಡಿ ಸರ್, ಬೇಗ ಮುಗಿಸ್ತೀನಿ. ಎರಡನೇ ಮಹಾಯುದ್ಧದಲ್ಲಿ ಈ ಮನುಷ್ಯನನ್ನು ಸೈನ್ಯ ನ್ಯೂಗಿನಿ ಹತ್ತಿರದ ದ್ವೀಪದಲ್ಲಿರೋ ರಬೌಲ್ ಕಡೆಗೆ ಕಳಿಸ್ತು. ಕಾವಲಿಗೆ ಹೋಗಿದ್ದಾಗ ಜೊತೆಗಾರರೆಲ್ಲ ಸತ್ತರು. ಇವರೊಬ್ಬರೇ ಕಾಡು, ಸಮುದ್ರ ದಾಟಿ ಶಿಬಿರಕ್ಕೆ ಬಂದರೆ, "ಎಲ್ಲರೂ ಸತ್ತರು, ನೀನೊಬ್ಬ ಯಾಕೆ ಬದುಕಿ ಬಂದೆ" ಅಂತ ಬೈಸಿಕೊಂಡರು! ಆಮೇಲೆ ಬಾಂಬ್ ದಾಳಿಯಲ್ಲಿ ಎಡಗೈ ಹೋಯ್ತು. ಉಳಿದ ಬಲಗೈಯಲ್ಲೇ ಬದುಕಿಡೀ ಬರೆದರು. ಏನು ಬರೆದರು? ದೆವ್ವಗಳು! ಮಕ್ಕಳು ಮುದ್ದು ಮಾಡೋ ದೆವ್ವಗಳು. ಬೆಳೆದ ಊರು ಸಕಾಯಿಮಿನಾತೊದಲ್ಲಿ ಆ ದೆವ್ವಗಳ ಕಂಚಿನ ಪ್ರತಿಮೆ ಬೀದಿಯುದ್ದಕ್ಕೂ ನಿಂತಿವೆ.

ಅದೇ ಕೈ 1973ರಲ್ಲಿ ಯುದ್ಧದ ಪುಸ್ತಕವನ್ನೂ ಬರೆಯಿತು. ಒಂದು ತುಕಡಿಗೆ ಸಾಯೋವರೆಗೂ ನುಗ್ಗಿ ಅಂತ ಆಜ್ಞೆ. ಕೆಲವರು ಬದುಕಿ ಬಂದುಬಿಡ್ತಾರೆ. ಎಲ್ಲರೂ ವೀರಮರಣ ಪಡೆದರು ಅಂತ ಮೇಲಕ್ಕೆ ವರದಿ ಹೋಗಿಯಾಗಿದೆ. ಈಗ ಆ ವರದಿ ನಿಜವಾಗಬೇಕಲ್ಲ, ಇವರು ಮತ್ತೆ ಹೋಗಿ ಸಾಯಬೇಕು. ಸರ್ಕಾರಿ ಕಡತ ಕಂಡವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಪುಸ್ತಕದ ತುಂಬ ಸೈನಿಕರ ಮುಖ ತಮಾಷೆಯ ಗೀಟುಗಳಲ್ಲಿದ್ದು, ಮರ, ಎಲೆ, ಹಡಗು ಮಾತ್ರ ಫೋಟೊದಷ್ಟು ಸ್ಪಷ್ಟ. ಕೊನೆಯ ಪುಟಗಳಲ್ಲಿ ಹೆಣಗಳಿಗೂ ಆ ಸ್ಪಷ್ಟತೆ ಬರುತ್ತೆ. ಯುದ್ಧದ ಇತಿಹಾಸ ಓದೋ ನಿಮ್ಮ ತಂದೆಗೆ ಇದನ್ನು ಕೊಡಿ. ಓದೋರು ಯಾರು ಅಂತ ನೋಡಿ ಅಂದೆನಲ್ಲ.

ಕಾರ್ಕಳದ ಅನಂತ ಪೈ ಅವರ ಅಮರ ಚಿತ್ರಕಥೆ ಓದಿ ಬೆಳೆದವರಿಗೆ ಒಸಾಮು ತೆಜುಕಾ ಅವರ 'ಬುದ್ಧ'. 1972ರಲ್ಲಿ ಶುರುವಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದ ಕಥೆ. ಸಿದ್ಧಾರ್ಥ ಬರೋದಕ್ಕೆ ಮೊದಲೇ ತತ್ತ ಅನ್ನೋ ಕೆಳಜಾತಿಯ ಹುಡುಗ ಪ್ರಾಣಿಗಳ ಮೈಹೊಕ್ಕು ಓಡಾಡ್ತಾನೆ. ತ್ರಿಪಿಟಕದಲ್ಲಿ ಅವನನ್ನು ಹುಡುಕಬೇಡಿ, ತೆಜುಕಾ ಕಟ್ಟಿದ ಪಾತ್ರ. ಭಕ್ತಿ ಇದ್ದವರಿಗೆ ಮೊದಲು ಸ್ವಲ್ಪ ಕಸಿವಿಸಿ ಆಗಬಹುದು, ಆಗಲಿ.

ಚೀಟಿ ಬಂತು, ಐದು ನಿಮಿಷ ಅಂತೆ. ಮಾಂಗಾ ಬರೆದ ಹೆಂಗಸರ ಬಗ್ಗೆ ಹೇಳೋದೇ ಬಹಳ ಇತ್ತು. ರಿಯೊಕೊ ಇಕೆಡಾ 1972ರಲ್ಲಿ ಹುಡುಗಿಯರ ಪತ್ರಿಕೆಯಲ್ಲಿ ಫ್ರೆಂಚ್ ಕ್ರಾಂತಿಯನ್ನೇ ಬರೆದರು, ಮೋತೊ ಹಾಗಿಯೊ ವೈಜ್ಞಾನಿಕ ಕಥೆ ಬರೆದರು. ಅಡುಗೆ, 'ಗೋ' ಅನ್ನೋ ಮಣೆಯಾಟ, ಬ್ಯಾಸ್ಕೆಟ್‌ಬಾಲ್, ಆಸ್ಪತ್ರೆ, ಎಲ್ಲಕ್ಕೂ ಮಾಂಗಾ ಇದೆ. ಬಿಡಿ.

ವಾಕಿಂಗ್ ಹೋಗೋ ನಿವೃತ್ತರಿಗೆ ಜಿರೊ ತಾನಿಗುಚಿ ಅವರ ಒಂದು ಪುಸ್ತಕ ಕೊಡಿ. ಒಬ್ಬ ಮನುಷ್ಯ ಊರೊಳಗೆ ನಡೀತಾನೆ, ಅಷ್ಟೇ ಕಥೆ. ಮಾತು ಬಹಳ ಕಡಿಮೆ. ಒಂದು ರಾತ್ರಿ ಈಜುಕೊಳಕ್ಕೆ ಕದ್ದು ಇಳಿಯೋದೇ ಅವನ ದೊಡ್ಡ ಸಾಹಸ.

ಓದೋದು ಬಲದಿಂದ ಎಡಕ್ಕೆ, ಚೌಕಗಳನ್ನೂ ಹಾಗೇ. ನಾಲ್ಕು ಪುಟಕ್ಕೆ ಕಣ್ಣು ಒಗ್ಗುತ್ತೆ. ಪುಸ್ತಕಗಳು ಆ ಮೇಜಿನ ಮೇಲಿವೆ, ಮುಂದಿನ ಸಾಲಿನವರು ಮೊದಲು ನೋಡಲಿ. ಹುಡುಗರೇ, ಸ್ವಲ್ಪ ದಾರಿ ಬಿಡಿ.