ಅಡುಗೆಮನೆ ಬಾಗಿಲಿನ ಜಗಳ

ಕೇಳುಗರಿಗೆ ನಮಸ್ಕಾರ.

ಸ್ಕಾಟ್ಲೆಂಡಿನ ಉತ್ತರಕ್ಕೆ, ಸಮುದ್ರದ ನಡುವೆ, ಶೆಟ್ಲೆಂಡ್ ಎಂಬ ದ್ವೀಪಗಳ ಗುಂಪಿದೆ. ಅದರ ತುತ್ತತುದಿಯಲ್ಲಿರುವುದು ಉನ್‌ಸ್ಟ್. ಬ್ರಿಟನ್ನಿನಲ್ಲಿ ಜನವಸತಿ ಇರುವ ದ್ವೀಪಗಳಲ್ಲಿ ಎಲ್ಲಕ್ಕಿಂತ ಉತ್ತರದ್ದು ಇದೇ. 1949ರ ಡಿಸೆಂಬರ್ ಚಳಿಯಲ್ಲಿ ಸಮಾಜಶಾಸ್ತ್ರ ಓದುತ್ತಿದ್ದ 27 ವರ್ಷದ ಒಬ್ಬ ವಿದ್ಯಾರ್ಥಿ ಅಲ್ಲಿಗೆ ಹೋದರು. ಅವರ ಹೆಸರು ಎರ್ವಿಂಗ್ ಗಾಫ್‌ಮನ್.

ಊರಿನವರಿಗೆ ಅವರು ಹೇಳಿದ್ದು ಏನು ಗೊತ್ತಾ? ನಾನು ಅಮೆರಿಕದ ಕಾಲೇಜು ಹುಡುಗ, ಇಲ್ಲಿನ ಬೇಸಾಯದ ಲೆಕ್ಕಾಚಾರ ನೋಡಲು ಬಂದಿದ್ದೇನೆ ಅಂತ. ಹುಟ್ಟಿದ್ದು ಕೆನಡಾದಲ್ಲಿ. ನೋಡಲು ಬಂದಿದ್ದು ಬೇಸಾಯವನ್ನಲ್ಲ, ಜನರನ್ನು. ಒಬ್ಬರ ಎದುರು ಇನ್ನೊಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದನ್ನು. ಷಿಕಾಗೋ ವಿಶ್ವವಿದ್ಯಾಲಯಕ್ಕೆ 1953ರಲ್ಲಿ ಪ್ರಬಂಧ ಒಪ್ಪಿಸಿದಾಗ ದ್ವೀಪದ ಹೆಸರನ್ನೂ ಮರೆಮಾಚಿ ‘ಡಿಕ್ಸನ್’ ಅಂತ ಬರೆದರು. ಜನ ತಮ್ಮನ್ನು ತಾವು ಹೇಗೆ ತೋರಿಸಿಕೊಳ್ಳುತ್ತಾರೆ ಎಂದು ಹುಡುಕಲು ಹೋದವರೇ ಒಂದು ವೇಷ ತೊಟ್ಟು ಹೋಗಿದ್ದರು ಅಲ್ವಾ!

ಅಲ್ಲಿ ಅವರ ಕಣ್ಣಿಗೆ ಬಿದ್ದದ್ದೆಲ್ಲ ತೀರಾ ಸಣ್ಣ ಸಂಗತಿಗಳು. ನೆರೆಯವನೊಬ್ಬ ಟೀ ಕುಡಿಯಲು ಬರುತ್ತಾನೆ. ಬಾಗಿಲ ಹತ್ತಿರ ಬಂದಾಗ ಮುಖದ ಮೇಲೆ ಒಂದು ನಗು ತಂದುಕೊಳ್ಳುತ್ತಾನೆ. ಒಳಗೆ ಕತ್ತಲು, ಹೊರಗೆ ಬೆಳಕು. ಮನೆಯವರು ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿರುತ್ತಾರೆ. ಬರುವವನಿಗೆ ಅದು ಗೊತ್ತಿಲ್ಲ. ಆದರೆ ಕೆಲವರಿಗೆ ಗೊತ್ತಿತ್ತು. ಅವರು ಮನೆ ಇನ್ನೂ ದೂರ ಇರುವಾಗಲೇ ನಗು ಹಾಕಿಕೊಂಡು ಬರುತ್ತಿದ್ದರು.

ಇನ್ನೊಂದು ಮನೆಯಲ್ಲಿ, ಹೊರಗಿನಿಂದ ಬಂದ ಅತಿಥಿಗೆ ಊಟ ಬಡಿಸಿದ್ದಾರೆ. ಚೆನ್ನಾಗಿದೆ, ಚೆನ್ನಾಗಿದೆ ಅನ್ನುತ್ತಾನೆ ಅವನು. ಮನೆಯಾಕೆ ಮುಗುಳ್ನಗುತ್ತಾ ಕೇಳಿಸಿಕೊಳ್ಳುತ್ತಾಳೆ. ಆದರೆ ಆಕೆಯ ಗಮನ ಅವನ ಮಾತಿನ ಮೇಲಿಲ್ಲ. ತುತ್ತು ಎಷ್ಟು ಬೇಗ ಬಾಯಿಗೆ ಹೋಗುತ್ತಿದೆ, ಎಷ್ಟು ಆಸೆಯಿಂದ ಹೋಗುತ್ತಿದೆ ಅನ್ನುವುದರ ಮೇಲಿದೆ. ನಾವು ಬೇಕೆಂದು ತೋರಿಸುವುದು ಒಂದು, ನಮಗೆ ತಿಳಿಯದೆ ತೋರಿಬಿಡುವುದು ಇನ್ನೊಂದು. ನೋಡುವವರು ಎರಡನೆಯದನ್ನೇ ಹೆಚ್ಚು ನಂಬುತ್ತಾರೆ ಎನ್ನುತ್ತಾರೆ ಗಾಫ್‌ಮನ್.

ಆ ದ್ವೀಪದಲ್ಲಿ ಪ್ರವಾಸಿಗಳಿಗಾಗಿ ಒಂದು ಹೋಟೆಲ್ ಇತ್ತು. ನಡೆಸುತ್ತಿದ್ದವರು ಅಲ್ಲಿನವರೇ ಆದ ಗಂಡ ಹೆಂಡತಿ. ಊಟದ ಕೋಣೆಯಲ್ಲಿ ಎಲ್ಲವೂ ಒಪ್ಪ ಓರಣ. ಅಡುಗೆಮನೆಯ ಕಥೆಯೇ ಬೇರೆ. ಕುದಿಯುವ ಕೆಟಲ್ ಮೇಲೆ ಒದ್ದೆ ಕಾಲುಚೀಲ ಒಣಗುತ್ತಿತ್ತು. ಊಟದ ಕೋಣೆಯಲ್ಲಿ ಅರ್ಧ ಬಳಸಿ ಉಳಿದು ಬಂದ ಬೆಣ್ಣೆಯನ್ನು ಮತ್ತೆ ಉರುಳಿಸಿ, ಹೊಸದರ ಹಾಗೆ ಮಾಡಿ, ಮೇಜಿಗೆ ಕಳಿಸುತ್ತಿದ್ದರು. ಅತಿಥಿಗಳ ಪುಡಿಂಗಿಗೆ ಮೊದಲು ಬೆರಳು ಹಾಕಿ ರುಚಿ ನೋಡುತ್ತಿದ್ದವರು ಅಡುಗೆಮನೆಯವರು. ಅಲ್ಲಿ ಧಣಿ, ಆಳು ಎಂಬ ಭೇದವೂ ಕಡಿಮೆ. ಪಾತ್ರೆ ತೊಳೆಯುವ 14 ವರ್ಷದ ಹುಡುಗ ಕೂಡ ಯಜಮಾನನನ್ನು ಹೆಸರು ಹಿಡಿದೇ ಕರೆಯುತ್ತಿದ್ದ. ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಂಗಸ್ಥಳ ಬೇರೆ, ಚೌಕಿ ಬೇರೆ. ಕಿರೀಟ ಬಿಚ್ಚಿಟ್ಟ ರಾವಣ ಚೌಕಿಯಲ್ಲಿ ಚಹಾ ಕುಡಿಯುತ್ತಾನೆ. ಅದನ್ನು ಯಾರೂ ಮೋಸ ಅನ್ನುವುದಿಲ್ಲ.

ಈ ಎರಡು ಲೋಕಗಳ ನಡುವೆ ಒಂದು ಬಾಗಿಲಿತ್ತು. ನನಗೆ ಬಹಳ ಹಿಡಿಸಿದ್ದು ಈ ಬಾಗಿಲಿನ ಕಥೆ. ಬಡಿಸುವ ಹುಡುಗಿಯರಿಗೆ ಅದು ತೆರೆದೇ ಇರಬೇಕು. ಕೈಯಲ್ಲಿ ಭಾರದ ತಟ್ಟೆಗಳು. ಅತಿಥಿಗಳಿಗೆ ಮುಂದಿನ ಬಗೆ ತರಬಹುದೋ ಇಲ್ಲವೋ ಇಣುಕಿ ನೋಡಬೇಕು. ಹೊರಗಿನಿಂದ ಬಂದ ಜನ ಹೇಗಿರುತ್ತಾರೆ ಎಂಬ ಕುತೂಹಲವೂ ಇತ್ತು. ಯಜಮಾನ ದಂಪತಿಗೆ ಅದು ಮುಚ್ಚಿಯೇ ಇರಬೇಕು. ಹಾಗಾಗಿ ಅವರು ಸಿಟ್ಟಿನಿಂದ ಬಾಗಿಲು ದಢಾರನೆ ಹಾಕುವುದು, ಇವರು ಅಷ್ಟೇ ಸಿಟ್ಟಿನಿಂದ ತಳ್ಳಿ ತೆಗೆಯುವುದು. ದಿನವೂ ಇದೇ ನಡೆಯುತ್ತಿತ್ತು.

ಯಾಕೆ ಹೀಗೆ? ಹುಡುಗಿಯರು ಅತಿಥಿಗಳ ಮುಂದೆ ಹೇಗಿದ್ದರೂ ಕೆಲಸದವರೇ. ಅಡುಗೆಮನೆಯಲ್ಲಿ ಕಂಡರೂ ಅವರು ಕಳೆದುಕೊಳ್ಳುವಂಥದ್ದು ಹೆಚ್ಚೇನಿಲ್ಲ. ದಂಪತಿಯ ಸ್ಥಿತಿ ಹಾಗಲ್ಲ. ಅತಿಥಿಗಳು ಅವರನ್ನು ತಮ್ಮಂತೆಯೇ ಮಧ್ಯಮ ವರ್ಗದವರು ಎಂದುಕೊಂಡಿದ್ದರು. ಬಾಗಿಲು ತೆರೆದರೆ ಆ ಮರ್ಯಾದೆ ಹೋಗುತ್ತದೆ. ಮುಖ ಕಾಪಾಡಿಕೊಳ್ಳುವ ಚಿಂತೆ ಎಲ್ಲರಿಗೂ ಒಂದೇ ಸಮ ಇರುವುದಿಲ್ಲ. ಅರ್ಧ ಮೆಟ್ಟಿಲು ಮೇಲೇರಿ ನಿಂತವರಿಗೆ ಅದು ಜಾಸ್ತಿ. ಇದು ನನ್ನ ಅಭಿಪ್ರಾಯ.

ತೋರಿಸಿಕೊಳ್ಳುವುದು ಅಂದರೆ ಇರುವುದಕ್ಕಿಂತ ದೊಡ್ಡದಾಗಿ ತೋರಿಸುವುದು ಅಂತ ನಾವು ಅಂದುಕೊಳ್ಳುತ್ತೇವೆ. ಶೆಟ್ಲೆಂಡಿನ ರೈತರ ಅಜ್ಜಂದಿರು ಇದಕ್ಕೆ ತದ್ವಿರುದ್ಧ ಮಾಡುತ್ತಿದ್ದರಂತೆ. ಮನೆಯ ಹೊರಗೋಡೆಯನ್ನು ಬೇಕೆಂದೇ ರಿಪೇರಿ ಮಾಡಿಸುತ್ತಿರಲಿಲ್ಲ. ಮನೆ ಚೆನ್ನಾಗಿ ಕಂಡರೆ, ಇವನ ಹತ್ತಿರ ದುಡ್ಡಿದೆ ಎಂದು ಭೂಮಾಲೀಕ ಗೇಣಿ ಏರಿಸಿಬಿಟ್ಟಾನು ಎಂಬ ಭಯ. ಬಡತನವನ್ನೂ ಹೀಗೆ ಎಚ್ಚರದಿಂದ ತೋರಿಸಬೇಕಿತ್ತು. ಯಾರ ಕೈಯಲ್ಲಿ ನಮ್ಮ ಜುಟ್ಟಿದೆಯೋ ಅವರನ್ನು ನೋಡಿಕೊಂಡು ನಮ್ಮ ವೇಷ ಬದಲಾಗುತ್ತದೆ.

ಜನರ ನಡವಳಿಕೆಯನ್ನು ನಾಟಕಕ್ಕೆ ಹೋಲಿಸುವ ಗಾಫ್‌ಮನ್ನರ ಈ ವಿಚಾರಗಳು 1956ರಲ್ಲಿ ಎಡಿನ್‌ಬರೋದಲ್ಲಿ ಪುಸ್ತಕವಾಗಿ ಬಂದವು. ಮೂರು ವರ್ಷದ ಬಳಿಕ ಅಮೆರಿಕದಲ್ಲಿ ಅದರ ಹಿಗ್ಗಿಸಿದ ರೂಪ ಬಂತು. ಆಗಿನಿಂದ ಒಂದು ದೂರು ಇದ್ದೇ ಇದೆ. ಈ ಮನುಷ್ಯನ ಪ್ರಕಾರ ಎಲ್ಲರೂ ಮೇಲೆ ಥಳಕು, ಒಳಗೆ ಹುಳುಕು ಅಂತ. ನಾನು ಒಪ್ಪುವುದಿಲ್ಲ. ನಾಟಕದ ಹೋಲಿಕೆ ಬರೀ ಅಟ್ಟಣಿಗೆ ಇದ್ದ ಹಾಗೆ, ಕಟ್ಟಡ ಎದ್ದ ಮೇಲೆ ಬಿಚ್ಚಿಬಿಡಬೇಕು ಎಂದು ಪುಸ್ತಕದ ಕೊನೆಯಲ್ಲಿ ಅವರೇ ಹೇಳಿದ್ದಾರೆ. ದೂರುವವರು ಅಲ್ಲಿವರೆಗೆ ಓದಿರಲಿಕ್ಕಿಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ನಾವು ಹೆದರುವಷ್ಟು ಜನ ನಮ್ಮನ್ನು ನಿಜವಾಗಿ ನೋಡುತ್ತಾರಾ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ಪ್ರತಿ ಸಲ ಒಬ್ಬ ವಿದ್ಯಾರ್ಥಿಗೆ ಬ್ಯಾರಿ ಮ್ಯಾನಿಲೋ ಎಂಬ ಗಾಯಕನ ಮುಖ ಇದ್ದ ಟಿ-ಷರ್ಟ್ ಹಾಕಿಸಿದರು. ಆ ವಯಸ್ಸಿನ ಹುಡುಗರಿಗೆ ಅದು ನಾಚಿಕೆಯ ವಿಷಯ. ಆಮೇಲೆ ಬೇರೆ ವಿದ್ಯಾರ್ಥಿಗಳು ಕುಳಿತಿದ್ದ ಕೋಣೆಗೆ ಕಳಿಸಿದರು. ಹೆಚ್ಚುಕಡಿಮೆ ಅರ್ಧ ಜನ ಆ ಮುಖ ಗುರುತಿಸಿರುತ್ತಾರೆ ಎಂದುಕೊಂಡು ಬಂದರು ಷರ್ಟ್ ಹಾಕಿದವರು. ನಿಜವಾಗಿ ಗುರುತಿಸಿದವರು ಸುಮಾರು ಕಾಲುಭಾಗ. ಉನ್‌ಸ್ಟಿನ ಕಿಟಕಿಗಳ ಕಥೆ ಬೇರೆ ಬಿಡಿ. ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ನೋಡಲು ಪುರುಸೊತ್ತೂ ಇತ್ತು.

ತೀರಿಹೋಗುವ ಹಿಂದಿನ ವರ್ಷ, 1981ರಲ್ಲಿ, ಗಾಫ್‌ಮನ್ ರೇಡಿಯೊ ಉದ್ಘೋಷಕರ ಬಗ್ಗೆಯೂ ಉದ್ದದ ಲೇಖನವೊಂದನ್ನು ಹೊರತಂದರು. ನಾವು ಬರೆದದ್ದನ್ನು ಓದುತ್ತೇವೆ, ಆದರೆ ಆಗಷ್ಟೇ ಹೊಳೆದದ್ದನ್ನು ಹೇಳಿದ ಹಾಗೆ ಓದುತ್ತೇವೆ. ಮಾತು ತಪ್ಪಿದಾಗ ಒಂದು ಇಕ್ಕಟ್ಟು. ಸುಮ್ನೆ ಮುಂದೆ ಹೋದರೆ ಎಷ್ಟೋ ಜನಕ್ಕೆ ತಪ್ಪು ಗೊತ್ತೇ ಆಗುವುದಿಲ್ಲ. ಕ್ಷಮಿಸಿ ಎಂದು ತಿದ್ದಿದರೆ, ಗಮನಿಸದವರೂ ಕಿವಿ ನಿಮಿರಿಸುತ್ತಾರೆ. ಈ ಮಾತುಗಳೂ ನನ್ನ ಮುಂದಿರುವ ಹಾಳೆಯಲ್ಲಿ ಇವೆ. ‘ಅಲ್ವಾ’ ಕೂಡ ಬರೆದಿಟ್ಟುಕೊಂಡದ್ದೇ. ನಮಸ್ಕಾರ.