ಸೌಟು ಕೆಳಗಿಟ್ಟು ಮಾಡೋ ಬ್ರಸೆಲ್ಸ್ ಸ್ಪ್ರೌಟ್ಸ್ ಪಲ್ಯ

[ಹತ್ತಿರದ ಶಾಟ್: ಸ್ಟೀಲ್ ತಟ್ಟೆಯಲ್ಲಿ ಪಕ್ಕಪಕ್ಕ ಎರಡು ಹೋಳು]

ಬ್ರಸೆಲ್ಸ್ ಸ್ಪ್ರೌಟ್ಸಿನ ಈ ಎರಡು ಹೋಳು ನೋಡಿ. ಎರಡೂ ಒಂದೇ ಪ್ಯಾಕೆಟ್ಟಿನವು. ಎಡಗಡೆಯದನ್ನ ಎಲೆಕೋಸಿನ ಪಲ್ಯದ ಹಾಗೇ ಮಾಡಿದ್ದು: ನೀರು ಚಿಮುಕಿಸಿ, ತಟ್ಟೆ ಮುಚ್ಚಿ, ಹದಿನೈದು ನಿಮಿಷ. ಬಣ್ಣ ಮಾಸಿದೆ, ಬೆರಳಲ್ಲಿ ಒತ್ತಿದರೆ ಪಿಚಕ್ಕನೆ ನೀರು ಬರುತ್ತೆ, ಮೂಗಿನ ಹತ್ತಿರ ತಂದರೆ ಕೊಳೆತ ಮೊಟ್ಟೆ ನೆನಪಾಗುತ್ತೆ. ಬಲಗಡೆಯದಕ್ಕೆ ಅದರ ಅರ್ಧ ಹೊತ್ತು ಸಾಕಾಯ್ತು. ಕೊಯ್ದ ಮುಖ ಗರಿ ದೋಸೆ ತಳದಷ್ಟು ಕೆಂಪು, ಬೆನ್ನಿನ ಕಡೆ ಇನ್ನೂ ಹಸಿರು.

ತರಕಾರಿಯಲ್ಲಿ ತಪ್ಪಿಲ್ಲ. ಕೋಸು ಕಂಡ ತಕ್ಷಣ ನಮ್ಮ ಕೈ ತಾನಾಗೇ ಮಾಡೋ ಮೂರು ಕೆಲಸ ಇದೆಯಲ್ಲ, ಕೆದಕೋದು, ನೀರು ಹಾಕೋದು, ಮುಚ್ಚೋದು, ಅವೇ ಇದನ್ನ ಕೆಡಿಸೋದು.

[ದೃಶ್ಯ: ಎಲೆಕೋಸು, ಹೂಕೋಸು, ನವಿಲುಕೋಸು, ಮಧ್ಯೆ ಒಂದು ಹಿಡಿ ಬ್ರಸೆಲ್ಸ್ ಸ್ಪ್ರೌಟ್ಸ್]

ಮರಿಕೋಸು ಅಂತಲೂ ಕೆಲವರು ಕರೀತಾರೆ. ಆದರೆ ಇದು ಎಳೇ ಎಲೆಕೋಸಲ್ಲ. ಎಲೆಕೋಸು, ಹೂಕೋಸು, ನವಿಲುಕೋಸು, ಇದು, ಎಲ್ಲಾ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಜಾತಿ. ಎಲೆಕೋಸಿನಲ್ಲಿ ನಾವು ತಿನ್ನೋದು ಗಿಡದ ತುದಿಯ ಒಂದೇ ದೊಡ್ಡ ಮೊಗ್ಗು. ಇಲ್ಲಿ ಎತ್ತರದ ಕಾಂಡದ ಉದ್ದಕ್ಕೂ ಒಂದೊಂದು ಎಲೆಯ ಬುಡದಲ್ಲಿ ಒಂದೊಂದು ಪುಟ್ಟ ಮೊಗ್ಗು. ಬೆಲ್ಜಿಯಂನ ಬ್ರಸೆಲ್ಸ್ ಊರಿಂದ ಹೆಸರು ಬಂತು. ನೀಲಗಿರಿಯಲ್ಲೂ ಬೆಳೀತಾರೆ. ಸೆಖೆಗೆ ಮೊಗ್ಗು ಬಿಚ್ಚಿಕೊಳ್ಳುತ್ತೆ, ಚಳಿಗೆ ಬಿಗಿಯಾಗಿ ಸಿಹಿಯೂ ಆಗುತ್ತೆ, ಹಾಗಾಗಿ ಚಳಿಗಾಲದಲ್ಲಿ ಸಿಕ್ಕಿದರೆ ಬಿಡಬೇಡಿ.

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಲ್ಲಿ ಆಲೂಗಡ್ಡೆ ಥರ ರಾಶಿ ಹಾಕಿ ಮಾರೋ ತರಕಾರಿ ಇದಲ್ಲ. ಸೂಪರ್ ಮಾರ್ಕೆಟ್ಟಿನ ಫ್ರಿಜ್ಜಲ್ಲಿ, ಪ್ಲಾಸ್ಟಿಕ್ ಸುತ್ತಿದ ತಟ್ಟೆಯಲ್ಲಿ ಹುಡುಕಬೇಕು. ತಟ್ಟೆಯನ್ನ ತಿರುಗಿಸಿ ತಳ ನೋಡಿ. ತೊಟ್ಟು ಕತ್ತರಿಸಿದ ಜಾಗ ಬಿಳಿ ಇದ್ದರೆ ಹೊಸದು, ಕಂದು ತಿರುಗಿ ಒಣಗಿದ್ದರೆ ಬಹಳ ದಿನ ಕೂತಿದೆ. ಒಂದು ಇಂಚಿನಷ್ಟು ದಪ್ಪದ, ಹಿಸುಕಿದರೆ ಕಲ್ಲಿನಂತಿರೋದು ಒಳ್ಳೇದು. ಹೊರಗಿನ ಒಂದೆರಡು ಎಲೆ ಹಳದಿ ಆಗಿದ್ದರೆ ಚಿಂತೆ ಇಲ್ಲ, ಕಿತ್ತರಾಯ್ತು. ಕಪ್ಪು ಚುಕ್ಕಿ ಒಳಗಿನವರೆಗೂ ಹೋಗಿದ್ದರೆ ಬೇಡ.

[ದೃಶ್ಯ: ಮಣೆ, ಚಾಕು, ಉಪ್ಪುನೀರಿನ ಪಾತ್ರೆ]

ನಾಲ್ಕು ಜನಕ್ಕೆ ನೆಂಚಿಕೊಳ್ಳೋಕೆ 250 ಗ್ರಾಂ ಸಾಕು, ಅಂದರೆ ಹದಿನೆಂಟು, ಇಪ್ಪತ್ತು ಮೊಗ್ಗು. ತೊಟ್ಟಿನ ತುದಿಯನ್ನ ತೆಳ್ಳಗೆ ಮಾತ್ರ ಕತ್ತರಿಸಿ. ಜಾಸ್ತಿ ತೆಗೆದರೆ ಎಲೆಗಳನ್ನ ಹಿಡಿದಿಟ್ಟಿರೋ ಬುಡವೇ ಹೋಗಿ, ಬಾಣಲೆಯಲ್ಲಿ ಎಲ್ಲಾ ಬಿಡಿಬಿಡಿ. ಆಮೇಲೆ ತೊಟ್ಟಿನ ಮೂಲಕ ಉದ್ದಕ್ಕೆ ಎರಡು ಹೋಳು. ಅಡ್ಡಕ್ಕೆ ಕೊಯ್ಯಬೇಡಿ, ಅದೇ ಕಾರಣಕ್ಕೆ.

[ಹತ್ತಿರದ ಶಾಟ್: ಕೊಯ್ದ ಹೋಳಿನ ಒಳಮುಖ]

ಒಳಗೆ ನೋಡಿ, ಕೆಳಗಿನಿಂದ ಬಿಳಿ ದಿಂಡು ಅರ್ಧದವರೆಗೆ ಏರಿ ಬಂದಿದೆ, ಅದರ ಸುತ್ತ ತೆಳ್ಳಗಿನ ಹಳದಿ ಎಲೆಗಳು ಮಡಿಚಿಕೊಂಡಿವೆ. ಎಲೆ ಎರಡೇ ನಿಮಿಷಕ್ಕೆ ಬೇಯುತ್ತೆ, ದಿಂಡು ತಡ. ಇಡೀ ಮೊಗ್ಗನ್ನ ಬೇಯಿಸಿದರೆ ದಿಂಡು ಮೆತ್ತಗಾಗೋ ಹೊತ್ತಿಗೆ ಹೊರಗಿನ ಎಲೆ ಕರಗಿಹೋಗಿರುತ್ತೆ. ಎರಡು ಹೋಳು ಮಾಡಿದರೆ ದಿಂಡು ನೇರ ಬಿಸಿಗೆ ತಾಗುತ್ತೆ. ತುಂಬಾ ದಪ್ಪ ಇದ್ದರೆ ನಾಲ್ಕು ಹೋಳು. ಉದುರಿದ ಎಲೆಗಳನ್ನ ಬೇರೆ ಇಟ್ಟುಕೊಳ್ಳಿ, ಕೆಲಸಕ್ಕೆ ಬರುತ್ತವೆ.

ಎಲೆ ಸಂದಿನಲ್ಲಿ ಸಸ್ಯಹೇನು, ಸಣ್ಣ ಹುಳ ಇರಬಹುದು. ಉಪ್ಪುನೀರಲ್ಲಿ ಹತ್ತು ನಿಮಿಷ ನೆನೆಸಿ, ಸೋಸಿ, ಹತ್ತಿ ಬಟ್ಟೆ ಮೇಲೆ ಕೊಯ್ದ ಮುಖ ಕೆಳಗೆ ಮಾಡಿ ಹರಡಿ ಚೆನ್ನಾಗಿ ಒರೆಸಿ. ಈ ಒರೆಸೋ ಕೆಲಸಕ್ಕೆ ಸೋಮಾರಿತನ ಬೇಡ. ಹಾಸನ, ಚಿಕ್ಕಮಗಳೂರು ಹೆಚ್ಚೂಕಮ್ಮಿ 1000 ಮೀಟರ್ ಎತ್ತರದಲ್ಲಿವೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಕೆಂಪಾಗೋಕೆ 140 ಡಿಗ್ರಿ ಆಸುಪಾಸು ಬೇಕು. ತರಕಾರಿ ಮೈಮೇಲೆ ನೀರಿರೋವರೆಗೂ ಆ ಜಾಗದ ಬಿಸಿ 97 ದಾಟಲ್ಲ. ಉರಿ ಎಷ್ಟು ಜೋರು ಮಾಡಿದರೂ ಅದು ಹುರಿಯೋದಲ್ಲ, ಬೇಯಿಸೋದೇ.

[ದೃಶ್ಯ: ಅಗಲವಾದ ಕಬ್ಬಿಣದ ಬಾಣಲೆ, ಮಧ್ಯಮ ಉರಿ]

ತಳ ಅಗಲ ಇರೋ, ದಪ್ಪನೆಯ ಕಬ್ಬಿಣದ ಬಾಣಲೆ ಬೇಕು. ಇಲ್ಲದಿದ್ದರೆ ದೋಸೆ ಕಾವಲಿಯೇ ಸೈ, ಮೇಲೆ ಮುಚ್ಚೋಕೆ ಆಳ ಇರೋ ತಟ್ಟೆ ಸಿಕ್ಕಿದರೆ ಆಯ್ತು. ಗುಂಡುತಳದ ಬಾಣಲೆಯಲ್ಲಿ ಮಧ್ಯದ ಐದಾರು ಹೋಳು ಕರಟಿ, ಉಳಿದವು ಬೆಳ್ಳಗೇ ಇರುತ್ತವೆ.

ಎರಡು ದೊಡ್ಡ ಚಮಚ ಎಣ್ಣೆ. ಕಡಿಮೆ ಮಾಡಬೇಡಿ, ಕೊಯ್ದ ಮುಖಕ್ಕೂ ಕಬ್ಬಿಣಕ್ಕೂ ನಡುವಿನ ಸಂದು ತುಂಬೋದು ಎಣ್ಣೆಯೇ. ಕಾದ ಮೇಲೆ ಒಂದು ಹೋಳು ಇಟ್ಟು ನೋಡಿ, ಚುಂಯ್ ಅನ್ನಬೇಕು. ಆಮೇಲೆ ಎಲ್ಲಾ ಹೋಳನ್ನೂ ಮುಖ ಕೆಳಗೆ ಮಾಡಿ ಒಂದೊಂದಾಗಿ ಜೋಡಿಸಿ. ಒಂದರ ಮೇಲೊಂದು ಬಿದ್ದರೆ ಒಂದರ ಹಬೆ ಇನ್ನೊಂದನ್ನ ಬೇಯಿಸುತ್ತೆ. ಜಾಗ ಸಾಲದಿದ್ದರೆ ಎರಡು ಸಲ ಮಾಡಿ.

ಈಗ ಸೌಟು ಕೆಳಗಿಡಿ.

[ಸದ್ದು ಮಾತ್ರ: ಎಣ್ಣೆಯ ಚುಂಯ್. ಐದು ಸೆಕೆಂಡ್ ಮಾತಿಲ್ಲ]

ನಾಲ್ಕರಿಂದ ಐದು ನಿಮಿಷ. ಕೆದಕಂಗಿಲ್ಲ, ಬಾಣಲೆ ಅಲ್ಲಾಡಿಸಂಗಿಲ್ಲ. ಮೊದಲು ಜೋರಾಗಿರೋ ಸದ್ದು ನಿಧಾನಕ್ಕೆ ತೆಳ್ಳಗಾಗಿ ಚಟಚಟ ಅನ್ನುತ್ತೆ. ಮೇಲ್ಮೈ ನೀರು ಹೋಯ್ತು ಅಂತ ಅರ್ಥ. ಮೊಗಚೋ ಕೈಯಲ್ಲಿ ಒಂದನ್ನ ಎತ್ತಿ ನೋಡಿ. ಅಂಟಿಕೊಂಡು ಏಳದಿದ್ದರೆ ಕೀಳಬೇಡಿ, ಇನ್ನೊಂದು ನಿಮಿಷ ಬಿಟ್ಟರೆ ತಾನೇ ಬಿಡುತ್ತೆ.

ಬಾಣಲೆಗೆ ಉಪ್ಪು ಇಲ್ಲಿವರೆಗೂ ಹಾಕಿಲ್ಲ, ಗಮನಿಸಿ. ಮೊದಲೇ ಹಾಕಿದ್ದರೆ ಅದು ನೀರು ಬಿಡಿಸ್ತಿತ್ತು. ಕೆಂಪಾದ ಮೇಲೆ ತಿರುಗಿಸಿ, ಅರ್ಧ ಸಣ್ಣ ಚಮಚ ಉಪ್ಪು, ಉದುರಿದ ಎಲೆಗಳು, ಮೂರು ದೊಡ್ಡ ಚಮಚ ನೀರು. ತಕ್ಷಣ ಮುಚ್ಚಿ. ಎರಡೇ ನಿಮಿಷ, ದಿಂಡು ಬೇಯೋದು ಈ ಹಬೆಗೆ. ಚಾಕುವಿನ ತುದಿ ದಿಂಡಿಗೆ ಚುಚ್ಚಿದರೆ ಒಳಗೆ ಹೋಗಬೇಕು, ಆದರೆ ಸ್ವಲ್ಪ ತಡೆಯಬೇಕು. ಮುಚ್ಚಳ ತೆಗೆದು ಉರಿ ಏರಿಸಿ ನೀರು ಹಾರಿಸಿ.

ಮುಚ್ಚೋದು ಎರಡೇ ನಿಮಿಷ ಯಾಕೆ ಅಂದರೆ, ಕೋಸಿನ ಜಾತಿಯಲ್ಲಿ ಗಂಧಕದ ಸಂಯುಕ್ತಗಳಿವೆ. ಹೆಚ್ಚು ಹೊತ್ತು ಬೆಂದಷ್ಟೂ ಅವು ಒಡೆದು ಆ ಮೊಟ್ಟೆ ವಾಸನೆ ಬರುತ್ತೆ. ಜೊತೆಗೆ ಬೇಯುವಾಗ ಹೊರಬರೋ ಆಮ್ಲ ಮುಚ್ಚಳದೊಳಗೇ ಉಳಿದು ಹಸಿರನ್ನ ಕೊಲ್ಲುತ್ತೆ. ಬಣ್ಣ ಉಳೀಲಿ ಅಂತ ಅಡುಗೆ ಸೋಡಾ ಹಾಕೋರಿದ್ದಾರೆ. ಬಣ್ಣ ಉಳಿಯುತ್ತೆ, ತರಕಾರಿ ಗೊಜ್ಜಾಗುತ್ತೆ. ಕುಕ್ಕರ್ ವಿಷಯ ಮಾತೇ ಬೇಡ.

[ದೃಶ್ಯ: ಒಗ್ಗರಣೆ ಸೌಟು]

ಒಗ್ಗರಣೆ ಬೇರೆ ಸೌಟಲ್ಲಿ: ಒಂದು ಸಣ್ಣ ಚಮಚ ತುಪ್ಪ, ಅರ್ಧ ಚಮಚ ಸಾಸಿವೆ, ಒಂದು ಚಮಚ ಉದ್ದಿನಬೇಳೆ, ಮುರಿದ ಒಂದು ಬ್ಯಾಡಗಿ, ಚಿಟಿಕೆ ಇಂಗು, ಕೊನೆಗೆ ಜಜ್ಜಿದ ಮೂರು ಎಸಳು ಬೆಳ್ಳುಳ್ಳಿ, ಕರಿಬೇವು. ಬೆಳ್ಳುಳ್ಳಿಯನ್ನ ಮೊದಲೇ ಬಾಣಲೆಗೆ ಹಾಕಿದ್ದರೆ ಆ ಐದು ನಿಮಿಷದಲ್ಲಿ ಸೀದು ಕಹಿಗೆ ಕಹಿ ಸೇರ್ತಿತ್ತು.

ಸಾಸಿವೆ ಇಲ್ಲಿ ಬರೀ ಅಭ್ಯಾಸಕ್ಕಲ್ಲ. 1990ರ ದಶಕದಲ್ಲಿ ನೆದರ್ಲ್ಯಾಂಡ್ಸ್‌ನ ವಿಜ್ಞಾನಿಗಳು ಈ ತರಕಾರಿಯ ಕಹಿಗೆ ಸಿನಿಗ್ರಿನ್, ಪ್ರೊಗೊಯಿಟ್ರಿನ್ ಅನ್ನೋ ಎರಡು ಸಂಯುಕ್ತ ಕಾರಣ ಅಂತ ಗುರುತಿಸಿದರು. ಆಮೇಲೆ ಕಹಿ ಕಡಿಮೆ ಇರೋ ತಳಿಗಳು ಬಂದವು. ಆ ಸಿನಿಗ್ರಿನ್ನೇ ಸಾಸಿವೆಯ ಘಾಟಿಗೂ ಮೂಲ. ಎರಡೂ ನೆಂಟರು, ಅದಕ್ಕೇ ಹೊಂದುತ್ತೆ. ಉಳಿದ ಕಹಿಗೆ ಕಡಲೆಕಾಳಿನಷ್ಟು ಬೆಲ್ಲ, ಎರಡು ಚಮಚ ತೆಂಗಿನತುರಿ ಸಾಕು.

ಒಲೆ ಆರಿಸಿ ಮೊದಲು ಬಟ್ಟಲಿಗೆ ಸುರಿದುಕೊಳ್ಳಿ, ನಿಂಬೆ ಹಿಂಡೋದು ಆಮೇಲೆ. ಕಬ್ಬಿಣದ ಬಾಣಲೆಯಲ್ಲೇ ಹುಳಿ ಹಿಂಡಿದರೆ ಪಲ್ಯ ಕಪ್ಪಾಗಿ ಕಬ್ಬಿಣದ ರುಚಿ ಹತ್ತುತ್ತೆ. ಮೇಲೆ ಆಗಷ್ಟೇ ಕುಟ್ಟಿದ ಕರಿಮೆಣಸು. ಚಿಕ್ಕಮಗಳೂರಲ್ಲಿ ಇದ್ದುಕೊಂಡು ಡಬ್ಬಿಯ ಮೆಣಸಿನಪುಡಿ ಉದುರಿಸೋದು ನ್ಯಾಯ ಅಲ್ಲ. ಅಕ್ಕಿರೊಟ್ಟಿಗೆ ಚೆನ್ನ, ಅನ್ನ ತಿಳಿಸಾರಿನ ಪಕ್ಕಕ್ಕೆ ಇನ್ನೂ ಚೆನ್ನ. ರಕ್ತ ತೆಳುವಾಗಿಸೋಕೆ ವಾರ್ಫರಿನ್ ಮಾತ್ರೆ ತಗೊಳ್ಳೋರು ಮಾತ್ರ ಡಾಕ್ಟರನ್ನ ಕೇಳಿ ತಿನ್ನಿ, ಇದರಲ್ಲಿ ವಿಟಮಿನ್ ಕೆ ಜಾಸ್ತಿ.

ಓವನ್ ಇದ್ದರೆ 200 ಡಿಗ್ರಿ, ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ, ಮುಖ ಕೆಳಗೆ. ಫ್ರೋಜನ್ ತಂದರೆ ಕರಗೋಕೆ ಬಿಡಬೇಡಿ, ಗಟ್ಟಿ ಇದ್ದಂತೇ ಓವನ್ನಿಗೆ. ಬಾಣಲೆಯಲ್ಲಿ ಅದು ಕೆಂಪಾಗೋದು ಕಷ್ಟ.

[ದೃಶ್ಯ: ಫ್ರಿಜ್ಜಿನ ತರಕಾರಿ ಡಬ್ಬ]

ಹಸಿಯದನ್ನ ತೊಳೆಯದೆ, ಕೊಯ್ಯದೆ ಬಟ್ಟೆ ಚೀಲದಲ್ಲಿಟ್ಟರೆ ಫ್ರಿಜ್ಜಲ್ಲಿ ಒಂದು ವಾರ ಇರುತ್ತೆ. ಮಾಡಿದ ಪಲ್ಯ ಎರಡು ದಿನ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಇಲ್ಲದಿದ್ದರೆ ಪಕ್ಕದ ಹಾಲಿಗೂ ಅದೇ ವಾಸನೆ. ಬಿಸಿ ಮಾಡುವಾಗ ಮತ್ತೆ ಬಾಣಲೆ, ಮತ್ತೆ ಮುಖ ಕೆಳಗೆ, ಒಂದು ನಿಮಿಷ, ಮುಚ್ಚಳ ಬೇಡ.